ಸುಖಾಂತ್ಯ ಎಂದು ಹುಡುಕಿದರೆ

ಜುಲೈ 3

ಅಮ್ಮನಿಗೆ,

ನೀನು ಹೇಳಿದ ಹಾಗೆ ನಿನ್ನ ಕೆಲಸದ ಔಷಧಿ ಅಂಗಡಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತು ನಿನ್ನ ಉತ್ತರಗಳನ್ನೂ ತಾವೇ ಹೇಳುತ್ತಾರೆ. ಕಾಗದದಲ್ಲಿ ಆ ತೊಂದರೆಯಿಲ್ಲ.

ಸಂಶೋಧನೆಗೆ ವಿಷಯ ಸಿಕ್ಕಿತು. ನಗಬೇಡ, ವಿಷಯ ಎಂದರೆ ಒಂದೇ ಒಂದು ಪದ: ಸುಖಾಂತ್ಯ. ಪತ್ರಿಕೆಯವರು ಎಂಥೆಂಥ ಸುದ್ದಿಗೆ "ಪ್ರಕರಣ ಸುಖಾಂತ್ಯ" ಎಂದು ತಲೆಬರಹ ಕೊಡುತ್ತಾರೆ, ಆ ಸುಖ ಯಾರದು ಎಂದು ನೋಡುವುದು.

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಪತ್ರಿಕೆಗಳ ಡೇಟಾಬೇಸ್ ಇದೆ. ಹಳೆಯ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ, ಯಂತ್ರದ ಕೈಯಲ್ಲಿ ಓದಿಸಿ, ತುಂಬಿಟ್ಟಿದ್ದಾರೆ. ಮೇಲಿನ ಮಹಡಿಯ ಕಂಪ್ಯೂಟರುಗಳಲ್ಲಿ ಮಾತ್ರ ತೆರೆಯುತ್ತದೆ. ಅಲ್ಲಿ ಕುರ್ಚಿಗಳಿಗೆ ಬೆನ್ನಿಲ್ಲ, ಫ್ಯಾನು ತಿರುಗಿದರೆ ಗಾಳಿಗಿಂತ ಸದ್ದೇ ಹೆಚ್ಚು. ಪೆಟ್ಟಿಗೆಯಲ್ಲಿ ಒಂದು ಪದ ಬರೆದರೆ ಅದು ಎಲ್ಲೆಲ್ಲಿ ಅಚ್ಚಾಗಿದೆಯೋ ಅಷ್ಟೂ ಸುದ್ದಿಗಳು ಬಂದು ಸಾಲಾಗಿ ನಿಲ್ಲುತ್ತವೆ. ಬರೀ ಪದ ಹಾಕಿದರೆ ಅದನ್ನು ಹೋಲುವುದೆಲ್ಲ ಬರುತ್ತದೆ. ಮೊದಲ ದಿನ ಪೂರ್ತಿ ನನಗೆ "ಮುಖಾಂತರ" ಬಂತು. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಮಾತ್ರ ಅದೇ ಪದ ಸಿಗುವುದು. ಆಮೇಲೆ ಸುದ್ದಿಯ ಪಕ್ಕದ "ಪುಟ ನೋಡಿ" ಒತ್ತಿದರೆ ಇಡೀ ಪುಟ, ಫೋಟೊ ಸಮೇತ.

ಅಮ್ಮ, ಎಂಥ ಹೇಸಿಗೆಯ ಪದ ಇದು. "ಮುಖ್ಯೋಪಾಧ್ಯಾಯರ ಕ್ಷಮೆಯಾಚನೆ, ಬಾಲಕಿಯ ದೂರು ವಾಪಸ್: ಪ್ರಕರಣ ಸುಖಾಂತ್ಯ." "ಬೇಡಿಕೆ ಕೈಬಿಟ್ಟ ಕಾರ್ಮಿಕರು: ಮುಷ್ಕರ ಸುಖಾಂತ್ಯ." "ನಾಪತ್ತೆಯಾಗಿದ್ದ ಯುವತಿ ಪತ್ತೆ, ಪೋಷಕರ ವಶಕ್ಕೆ: ಸುಖಾಂತ್ಯ." ಸಾಲಾಗಿ ಓದುತ್ತ ಹೋದರೆ ಹಳಸಿದ್ದನ್ನು ಬಾಯಿಗೆ ಇಟ್ಟುಕೊಂಡ ಹಾಗಾಗುತ್ತದೆ, ಉಗುಳಲು ಜಾಗವಿಲ್ಲ.

ಪದವಿ ಪ್ರದಾನದ ಫೋಟೊಗಳು ಬಂದವು. ಕ್ಯಾಮೆರಾ ಎತ್ತಿದ ಕೂಡಲೇ ನೀನು ಎಂದಿನಂತೆ ಕಂಬದ ಹಿಂದೆ ಸರಿದಿದ್ದೀಯ. ಈಗ ನನ್ನ ಹತ್ತಿರ ಇರುವುದು ನಾನು, ಅಪ್ಪ ಮತ್ತು ಕಂಬ. ಮನೆಯ ಗೋಡೆಯ ಫೋಟೊ ಒಂದರಲ್ಲಾದರೂ ನೀನಿದ್ದೀಯಲ್ಲ, ನನ್ನನ್ನು ಎತ್ತಿಕೊಂಡು. ಅದರಲ್ಲಿ ನಿನ್ನ ತೋಳಿನ ಮೇಲೆ ಬೆರಳೂರಿಕೊಂಡಿರುವ, ಮೈಯೇ ಇಲ್ಲದ ನಮ್ಮ ಕೈ ಮಾಮನಿಗೆ ಒಂದು ಟಾಟಾ ಹೇಳು. ಅಪ್ಪನಿಗೂ ಹೇಳು, ಬಾಗಿಲಲ್ಲೇ ನಿಲ್ಲಿಸಿ ನೆತ್ತಿಗೆ ಮೂಗೊತ್ತಿ "ಬಂದ್ಯಾ ಪುಟ್ಟಿ" ಅನ್ನುವವರು ಈ ಹಾಸ್ಟೆಲಿನಲ್ಲಿ ಯಾರೂ ಇಲ್ಲ ಅಂತ.

ನಿನ್ನ
ಪುಟ್ಟಿ

---

ಜುಲೈ 19

ಪುಟ್ಟಿಗೆ,

ಕಾಗದವನ್ನು ಅಂಗಡಿಯ ಅಕ್ಕ ಕೊಟ್ಟಳು. ಯಜಮಾನಿಯಾದರೂ ಒಡೆದು ನೋಡಿರಲಿಲ್ಲ. ಗಿರಾಕಿಗಳಿಲ್ಲದಾಗ ಓದಿದೆ.

ಹಳೆಯ ಪೇಪರು ಎಂದರೆ ಪೊಟ್ಟಣ ಕಟ್ಟುವುದಕ್ಕೆ, ಕಪಾಟಿಗೆ ಹಾಸುವುದಕ್ಕೆ ಎಂದು ತಿಳಿದಿದ್ದೆ. ಮರುದಿನಕ್ಕೆ ಅದರ ಆಯುಸ್ಸು ಮುಗಿಯಿತು ಎಂಬ ಧೈರ್ಯ ಇತ್ತು. ಅದನ್ನೆಲ್ಲ ಯಾರೋ ಕೂತು ತುಂಬಿಡುತ್ತಿದ್ದಾರೆ ಎಂದರೆ ಎಸೆದ ಕಸವನ್ನು ತಂದು ಮತ್ತೆ ಮನೆಯೊಳಗೆ ಸುರಿದಂತಾಯಿತು.

ಬೇರೆ ಪದ ಸಿಗಲಿಲ್ಲವೇ? ಕನ್ನಡದಲ್ಲಿ ಪದಗಳಿಗೇನು ಬರ. ಈಗಲೂ ಬದಲಾಯಿಸಲು ಆಗುವುದಾದರೆ ಬದಲಾಯಿಸು.

ನಿಮ್ಮಪ್ಪನಿಗೆ ಟೀ ಕಂಪನಿಯವರು ಸನ್ಮಾನ ಮಾಡಿದರು. ಇಷ್ಟು ವರ್ಷ ಟೀ ರುಚಿ ನೋಡಿದ್ದಕ್ಕೆ. ವೇದಿಕೆಯ ಮೇಲೆ "ನಮ್ಮ ಮೂಗಿನ ಸಾಹೇಬರು" ಎಂದೇ ಕರೆದರು. ಅವರು ಟೀಯನ್ನು ಸೊರ್ರನೆ ಹೀರಿ, ಬಾಯೊಳಗೆ ಆಡಿಸಿ, ಪಿಂಗಾಣಿ ಬೋಗುಣಿಗೆ ಉಗುಳಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. "ನನ್ನ ಮೂಗು ಯಾವತ್ತೂ ಸುಳ್ಳು ಹೇಳಲ್ಲ" ಎಂದು ಭಾಷಣ ಮುಗಿಸಿದರು. ಬೋಗುಣಿ ತೊಳೆಯುವವರು ಯಾರು ಎಂದು ಯಾರೂ ಕೇಳಲಿಲ್ಲ.

ನಿಮ್ಮ ಡೇಟಾಬೇಸಿನಲ್ಲಿ ಯಾವ ವರ್ಷದಿಂದ ಪತ್ರಿಕೆಗಳಿವೆ? ನಮ್ಮ ಊರಿನ ಪತ್ರಿಕೆಯೂ ಇದೆಯೇ? ಸುಮ್ಮನೆ ಕೇಳಿದೆ.

ಅಮ್ಮ

---

ಆಗಸ್ಟ್ 8

ಅಮ್ಮ,

ನಮ್ಮ ಊರಿನ ಪತ್ರಿಕೆಯೂ ಇದೆ. ನೀನು ಯಾಕೆ ಕೇಳಿದೆ ಎಂದು ಈಗ ಗೊತ್ತಾಯಿತು.

ನಾನಾಗಿ ಹುಡುಕಿದ್ದಲ್ಲ, ನಂಬು. ಲೈಬ್ರರಿಯ ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ದರು. "ಯಂತ್ರಕ್ಕೆ ನಮ್ಮ ಅಕ್ಷರ ಸರಿಯಾಗಿ ಓದೋಕೆ ಬರಲ್ಲಮ್ಮ. ಮಸಿ ಸ್ವಲ್ಪ ಹರಡಿದ್ರೆ ಸಾಕು, ಸ ಹೋಗಿ ದ ಆಗತ್ತೆ. ಅದು ಹೇಗೆ ತಪ್ಪು ಓದಿದ್ಯೋ ನೀನೂ ಹಾಗೇ ತಪ್ಪಾಗಿ ಕೇಳು, ಆಗ ಕೊಡತ್ತೆ. ಥೇಟ್ ನಮ್ಮೆಜಮಾನ್ರ ಥರ." ನಾನು ನಗುತ್ತ "ದುಖಾಂತ್ಯ" ಎಂದು ಬರೆದೆ. ಬಂದದ್ದು ಒಂದೇ ಸುದ್ದಿ.

ಪುಟ ತೆರೆದಾಗ ಮೊದಲು ಕಂಡದ್ದು ಫೋಟೊ. ಅಯ್ಯೋ, ನಮ್ಮನೆ ಫೋಟೊ ಇದು ಎಂದು ಜೋರಾಗಿಯೇ ಅಂದುಬಿಟ್ಟೆ. ನಡುಮನೆಯ ಗೋಡೆಯ ಮೇಲಿದೆಯಲ್ಲ, ನನ್ನ ಹುಟ್ಟುಹಬ್ಬದ್ದು ಎಂದು ನಾನು ಇಷ್ಟು ದಿನ ತಿಳಿದಿದ್ದು, ಅದೇ. ಅದೇ ಸೀರೆ, ನಿನ್ನ ಕಂಕುಳಲ್ಲಿ ಬಿಸ್ಕತ್ತು ಹಿಡಿದುಕೊಂಡಿರುವ ನಾನು, ಪಕ್ಕದಲ್ಲಿ ಅಪ್ಪ. ಆದರೆ ಗೋಡೆಯ ಮೇಲಿನದು ಅರ್ಧ ಮಾತ್ರ. ಪತ್ರಿಕೆಯಲ್ಲಿ ಪೂರ್ತಿ ಇದೆ. ನಿನ್ನ ಇನ್ನೊಂದು ಪಕ್ಕದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ನಿಂತಿದ್ದಾನೆ, ಹಲ್ಲು ಕಾಣುವಂತೆ ನಗುತ್ತ. ಕೈ ಮಾಮನಿಗೆ ಮೈ ಸಿಕ್ಕಿತು, ಅಮ್ಮ.

ದೊಡ್ಡದು ಮಾಡಿ ನೋಡಿದೆ. ಮನೆಯಲ್ಲಿ ಕಂಡಾಗ ಆ ಕೈ ಸುಮ್ಮನೆ ಇಟ್ಟಂತೆ ಕಾಣುತ್ತಿತ್ತು. ಇಟ್ಟದ್ದಲ್ಲ ಅದು, ಹಿಡಿದದ್ದು. ಹೆಬ್ಬೆರಳು ರವಿಕೆಯ ತೋಳಿನೊಳಕ್ಕೆ ಹೂತುಹೋಗಿದೆ.

"ಮಗುವಿನೊಂದಿಗೆ ಕಾಣೆಯಾಗಿದ್ದ ಮಾನಸಿಕ ಅಸ್ವಸ್ಥ ಗೃಹಿಣಿ ಪತ್ತೆ: ಪ್ರಕರಣ ಸುಖಾಂತ್ಯ." ಚಿತ್ರದ ಕೆಳಗೆ: "ಪತ್ನಿ ಹಾಗೂ ಮಗುವನ್ನು ಪತಿಗೆ ಒಪ್ಪಿಸಿದ ಇನ್‌ಸ್ಪೆಕ್ಟರ್." ಒಪ್ಪಿಸುವುದು ಅಂತೆ, ಪಾರ್ಸೆಲ್ಲು. ಕೊನೆಯ ಸಾಲಿನಲ್ಲಿ ಅಪ್ಪ ಪತ್ರಿಕೆಗೆ ಧನ್ಯವಾದ ಹೇಳಿದ್ದಾರೆ.

ಪರೀಕ್ಷೆಗೆ ಹೋಗುವಾಗಲೆಲ್ಲ ನಾನು ಆ ಕೈಗೆ ಟಾಟಾ ಮಾಡಿ ಹೋಗುತ್ತಿದ್ದೆ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಸಲವೂ ಬೇಡ ಅನ್ನಲಿಲ್ಲ.

ಏನಾಗಿತ್ತು ಅಮ್ಮ? ನೀನು ಮನೆ ಬಿಟ್ಟು ಹೋಗಿದ್ದೆಯಾ? ನಿನಗೆ ಹುಷಾರಿರಲಿಲ್ಲವಾ?

ಪುಟ್ಟಿ

---

ಸೆಪ್ಟೆಂಬರ್ 2

ಅಮ್ಮ,

ನೀನು ಬರೆಯಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಅಕ್ಕ ತೆಗೆದು, "ನಿಮ್ಮಮ್ಮ ಮಾತ್ರೆ ಎಣಿಸ್ತಿದಾಳೆ ಕಣೇ, ಆಮೇಲೆ ಮಾಡು" ಅಂದಳು. ಎಷ್ಟು ಮಾತ್ರೆ ಇದೆ ನಿಮ್ಮ ಅಂಗಡಿಯಲ್ಲಿ!

ಇಲ್ಲಿ ಇನ್ನೊಂದು ತಲೆನೋವು. ನಾನು ಸಿಕ್ಕಿದ ಪುಟಗಳನ್ನೆಲ್ಲ ಗೈಡ್ ಸರ್‌ಗೂ ಕಾಣುವಂಥ ಫೋಲ್ಡರಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಆ ದಿನ ಅಭ್ಯಾಸಬಲದಿಂದ ನಿನ್ನ ಪುಟವನ್ನೂ ಅಲ್ಲಿಗೇ ಹಾಕಿಬಿಟ್ಟಿದ್ದೆ. ಅವರು ಅದನ್ನು ಸೆಮಿನಾರಿನಲ್ಲಿ ಗೋಡೆಯ ತುಂಬ ತೋರಿಸಿದರು. ನನ್ನ ಅಮ್ಮ ಅಂತ ಅವರಿಗೆ ಗೊತ್ತಿಲ್ಲ. "ಬಂಗಾರದಂಥ ಮಾಲು ಕಣಮ್ಮ ಇದು! ಎಲ್ರೂ ನಗ್ತಿದಾರೆ, ಅವಳೊಬ್ಬಳು ಬಿಟ್ಟು. ಈ ಹೆಂಗಸು ಈಗ ಎಲ್ಲಿದ್ದಾಳೆ ಪತ್ತೆ ಹಚ್ಚು. ಎದುರಿಗೆ ಕೂರಿಸ್ಕೊಂಡು ಮಾತಾಡ್ಸು. ಅತ್ತರಂತೂ ಇನ್ನೂ ಒಳ್ಳೇದು, ಒಂದು ಅಧ್ಯಾಯ ಆಯ್ತು." ಹಿಂದೆ ಯಾರೋ ನಕ್ಕರು. ನಿನ್ನ ಮುಖ ಗೋಡೆಯಷ್ಟು ದೊಡ್ಡದಾಗಿತ್ತು, ಅದರ ಮೇಲೆ ಗೈಡ್ ಕೋಲಿನ ತುದಿಯಿಂದ ಕುಟ್ಟುತ್ತಿದ್ದರು. ನಾನು ಎದ್ದು ಹೋದೆ.

ಆದರೂ ಕೇಳುತ್ತೇನೆ, ಬೈಯಬೇಡ. ಹೆಸರು ಹಾಕುವುದಿಲ್ಲ. ನೀನು ನಿನ್ನ ಮಾತಿನಲ್ಲಿ ನಡೆದದ್ದು ಹೇಳಿದರೆ, ಆ ಸುದ್ದಿಯ ಎದುರಿಗೆ ಅದನ್ನು ನಿಲ್ಲಿಸಬಹುದು. ಇಲ್ಲದಿದ್ದರೆ ಪತ್ರಿಕೆ ಹೇಳಿದ್ದೇ ಉಳಿಯುತ್ತದೆ. ರಜೆಗೆ ಬಂದಾಗ ಕೂತು ಮಾತಾಡೋಣವಾ?

ಪುಟ್ಟಿ

---

ಸೆಪ್ಟೆಂಬರ್ 14

ಪುಟ್ಟಿಗೆ,

ಅಂತೂ ನೀನೂ ಹುಡುಕಿಕೊಂಡು ಬಂದೆ. ಆ ಇನ್‌ಸ್ಪೆಕ್ಟರ್ ಒಂದು ತೋಳು ಹಿಡಿದಿದ್ದ. ಇನ್ನೊಂದು ಖಾಲಿಯಿದೆ, ನೀನು ಹಿಡಿದುಕೊಂಡು ನಿಮ್ಮ ಮೇಷ್ಟ್ರಿಗೆ ಒಪ್ಪಿಸು. ಅವರೂ ಹಲ್ಲು ಬಿಡಲಿ.

ನಿನ್ನ ಕಾಗದ ಓದಿ ಅಸಹ್ಯವಾಯಿತು. ಗೋಡೆಯ ಮೇಲೆ ನನ್ನ ಮುಖ ಹಾಕಿದ್ದಕ್ಕಲ್ಲ, ಅದು ನಮ್ಮ ಮನೆಯಲ್ಲೂ ನಡೆದದ್ದೇ. ಅದೇ ಕಾಗದದಲ್ಲಿ "ಆದರೂ ಕೇಳುತ್ತೇನೆ" ಎಂದೆಯಲ್ಲ, ಅದಕ್ಕೆ.

ಇಷ್ಟು ಬರೆದು ಕಾಗದವನ್ನು ಮಾತ್ರೆಗಳ ಡಬ್ಬದ ಕೆಳಗೆ ಇಟ್ಟಿದ್ದೆ. ಈಗ ಮುಂದುವರಿಸುತ್ತಿದ್ದೇನೆ. ಕೋಪ ಇಳಿದಿಲ್ಲ. ಆದರೆ "ಹುಷಾರಿರಲಿಲ್ಲವಾ" ಎಂದು ಕೇಳಿದ್ದೀಯ. ನಿನಗಾದರೂ ಉತ್ತರ ಗೊತ್ತಿರಬೇಕು.

ನನಗೆ ಹುಷಾರಿತ್ತು. ನಿನ್ನ ಅಪ್ಪ ನನ್ನ ಮೇಲೆ ಕೈ ಮಾಡಿದವರಲ್ಲ. ಮೂಸುತ್ತಿದ್ದರು. ನಾನು ಅಂಗಡಿಯಿಂದ ಬಂದ ಕೂಡಲೇ ಬಾಗಿಲಲ್ಲಿ ನಿಲ್ಲಿಸಿ ತಲೆ, ಕುತ್ತಿಗೆ, ಅಂಗೈ, ಸೆರಗಿನ ತುದಿ. ಅವರ ಅಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿರುವಾಗಲೇ. "ಸಿಗರೇಟು ಸೇದೋನ ಪಕ್ಕ ಯಾಕೆ ನಿಂತಿದ್ದೆ? ಇದು ಗಂಡಸರು ಹಚ್ಚೋ ಎಣ್ಣೆ ವಾಸನೆ, ಯಾರದ್ದು?" ಔಷಧಿ ಅಂಗಡಿಗೆ ಗಂಡಸರೂ ಬರುತ್ತಾರೆ, ಕೆಮ್ಮುವವರೂ ಬರುತ್ತಾರೆ. ಒಪ್ಪಿದ ವಾಸನೆ ಬಂದರೆ "ಹೋಗು ಒಳಗೆ" ಅನ್ನುತ್ತಿದ್ದರು. ಬೇರೆಯವರ ಮುಂದೆ ನನ್ನನ್ನು ಎಷ್ಟು ಗೌರವದಿಂದ ನಡೆಸಿಕೊಳ್ಳುತ್ತಿದ್ದರೆಂದರೆ, ಹೇಳಿದರೆ ಜನ ನಗುತ್ತಿದ್ದರು. ಹೇಳಿದೆ ಕೂಡ. ನನ್ನ ಅಣ್ಣ ನಕ್ಕ. "ಮೂಸಿದ್ರೆ ಏನೇ ಕಳ್ಕೊಂಡೆ? ಪ್ರೀತಿ ಜಾಸ್ತಿ ಅಷ್ಟೆ."

ನೀನು ಹುಟ್ಟಿದ ಮೇಲೆ ಒಂದು ದಿನ ತೊಟ್ಟಿಲಿನಿಂದ ನಿನ್ನನ್ನೆತ್ತಿ ಮೂಸಿ, "ಇದು ನನ್ನ ವಾಸನೆ ಅಲ್ಲ" ಅಂದರು. ಮರುದಿನ ನಿನ್ನನ್ನೆತ್ತಿಕೊಂಡು ಹೊರಟೆ.

ಬೇರೆ ಊರಿನಲ್ಲಿ ಒಂದು ಕೋಣೆ ಹಿಡಿದೆ. ದಿನಾ ವಾಚನಾಲಯಕ್ಕೆ ಹೋಗಿ ಕೆಲಸದ ಜಾಹೀರಾತು ನೋಡುತ್ತಿದ್ದೆ. ಅದರ ಪಕ್ಕದ ಕಾಲಮ್ಮೇ "ಕಾಣೆಯಾಗಿದ್ದಾರೆ". ಒಂದು ದಿನ ಅಲ್ಲಿ ನಾನೇ ಇದ್ದೆ. ಮದುವೆಯ ಫೋಟೊದಿಂದ ಕತ್ತರಿಸಿದ ನನ್ನ ಮುಖ, ಕೆಳಗೆ "ಮಾನಸಿಕ ಅಸ್ವಸ್ಥೆ, ವರ್ಷದ ಮಗು ಜೊತೆಯಲ್ಲಿದೆ". ಪೇಪರನ್ನು ಮಡಿಚಿ ಇಟ್ಟೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು "ಆಯ್ತೇನಮ್ಮ?" ಎಂದು ಕೇಳಿ ತೆಗೆದುಕೊಂಡರು. ಕೊಡುವುದಿಲ್ಲ ಎಂದು ಹೇಗೆ ಹೇಳಲಿ? ಪುಟ ತಿರುಗಿಸಿದರು. ನನ್ನ ಮುಖ ನೋಡಿದರು, ನಿನ್ನ ಮುಖ ನೋಡಿದರು. "ಮಗು ಮುದ್ದಾಗಿದೆ. ಇರಮ್ಮ, ಬಿಸ್ಕತ್ ತಂದ್ಕೊಡ್ತೀನಿ" ಎಂದು ಹೊರಗೆ ಹೋದರು. ಪೊಲೀಸರೊಂದಿಗೆ ಬಂದರು. ಬಿಸ್ಕತ್ತನ್ನೂ ತಂದಿದ್ದರು. ನೀನು ತಿಂದೆ.

ಠಾಣೆಯಲ್ಲಿ ನಾನು ಹೋಗುವುದಿಲ್ಲ ಎಂದೆ. "ನೋಡಿ, ಹೀಗೇ ಮಾತಾಡ್ತಾಳೆ" ಎಂದರು ನಿಮ್ಮಪ್ಪ. ಎಲ್ಲರೂ ನನ್ನನ್ನು ಮರುಕದಿಂದ ನೋಡಿದರು. ಆಮೇಲೆ ಆ ಫೋಟೊ.

ಮದುವೆಯ ಫೋಟೊಗಳನ್ನೆಲ್ಲ ಮನೆಗೆ ವಾಪಸಾದ ವಾರವೇ ಹರಿದೆ. ಇದೊಂದನ್ನು ಅವರು ಪತ್ರಿಕೆಯವರಿಂದ ತರಿಸಿ, ಇನ್‌ಸ್ಪೆಕ್ಟರನ್ನು ಕತ್ತರಿಸಿ, ಗಾಜು ಹಾಕಿಸಿ, ನನ್ನ ಕೈಗೆ ಎಟುಕದಷ್ಟು ಮೇಲೆ ಮೊಳೆ ಹೊಡೆಸಿ ತೂಗುಹಾಕಿದರು. ಕೈ ಕತ್ತರಿಸಲು ಆಗಲಿಲ್ಲ, ಕತ್ತರಿಸಿದರೆ ನನ್ನ ತೋಳೂ ಹೋಗುತ್ತಿತ್ತು. ನಾನು ಸ್ಟೂಲು ಹಾಕಿಕೊಂಡು ಅದರ ಧೂಳು ಒರೆಸುತ್ತಿದ್ದೆ.

ಇಷ್ಟು ವರ್ಷ ಯಾಕೆ ಇದ್ದೆ ಎಂದು ಕೇಳಬೇಡ. ಕಂಕುಳಲ್ಲಿ ಮಗುವಿರುವವಳನ್ನು ಹಿಡಿಯುವುದು ಸುಲಭ.

ಯಂತ್ರ ಅದನ್ನು "ದುಖಾಂತ್ಯ" ಎಂದು ಓದಿತು ಎಂದು ಬರೆದಿದ್ದೆ. ತಿದ್ದಲು ಹೋಗಬೇಡಿ. ಅದೊಂದು ಸರಿಯಾಗಿ ಓದಿದೆ.

ಅಮ್ಮ

---

ಸೆಪ್ಟೆಂಬರ್ 30

ಅಮ್ಮ,

ಏನು ಬರೆಯಲಿ? ನಾನು ಶಾಲೆಯಿಂದ ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಮೂಗೊತ್ತುತ್ತಿದ್ದರಲ್ಲ, ಅದನ್ನು ನಾನು ಗೆಳತಿಯರ ಹತ್ತಿರ ಹೇಳಿಕೊಂಡು ಮೆರೆದಿದ್ದೇನೆ. ನಿಮ್ಮಪ್ಪ ಬೈತಾರೆ, ನಮ್ಮಪ್ಪ ನೋಡು, ಅಂತ. ನೆತ್ತಿಯ ಮೇಲೆ ಆ ಉಸಿರು ಇನ್ನೂ ಬೆಚ್ಚಗೆ ಕೂತಿದೆ ಅನ್ನಿಸಿ ಎಷ್ಟು ತಿಕ್ಕಿ ತೊಳೆದರೂ ಹೋಗಲಿಲ್ಲ. ಕೊನೆಗೆ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡೆ. ಹಾಸ್ಟೆಲಿನವರು ಫ್ಯಾಷನ್ ಅಂದುಕೊಂಡಿದ್ದಾರೆ.

ನಿನ್ನ ಪುಟವನ್ನು ಫೋಲ್ಡರಿನಿಂದ ತೆಗೆದೆ. ಗೈಡ್ ಕೇಳಿದರು. ನಾನು ಆ ಪ್ರಕರಣ ಬಿಟ್ಟಿದ್ದೇನೆ ಸರ್ ಅಂದೆ. "ಹೃದಯ ಇಟ್ಕೊಂಡು ಸಂಶೋಧನೆ ಮಾಡೋಕಾಗಲ್ಲಮ್ಮ" ಅಂದರು. ಡೇಟಾಬೇಸಿನಿಂದಲೇ ತೆಗೆಯಲು ಆಗುತ್ತದೆಯೇ ಎಂದು ಲೈಬ್ರರಿಯ ಮೇಡಂ ಹತ್ತಿರ ಕೇಳಿದೆ. "ನಮ್ದು ಬರೀ ಬಾಡಿಗೆ ಕಣಮ್ಮ. ಅದರ ಮಾಲೀಕರು ಯಾರು, ಎಲ್ಲಿದ್ದಾರೆ ನಂಗೂ ಗೊತ್ತಿಲ್ಲ" ಅಂದರು.

ಈ ಪದವನ್ನೇ ಬಿಟ್ಟುಬಿಡೋಣ ಅನ್ನಿಸುತ್ತಿದೆ. ಜೊತೆಗೆ ಕಳಿಸಿರುವುದು ಉಳಿದ ಪುಟಗಳ ಜೆರಾಕ್ಸು. ಯಾಕೆ ಕಳಿಸುತ್ತಿದ್ದೇನೋ ಗೊತ್ತಿಲ್ಲ. ನೀನೊಬ್ಬಳೇ ಅಲ್ಲ ಎಂದು ಹೇಳುವುದಕ್ಕಿರಬಹುದು. ನೋಡಬೇಕು ಅನ್ನಿಸದಿದ್ದರೆ ಪೊಟ್ಟಣ ಕಟ್ಟು.

ತಪ್ಪಾಯಿತು ಅಮ್ಮ.

ಪುಟ್ಟಿ

---

ಅಕ್ಟೋಬರ್ 25

ಪುಟ್ಟಿಗೆ,

ಪೊಟ್ಟಣ ಕಟ್ಟಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕ ಮತ್ತು ನಾನು ಪೆಟ್ಟಿಗೆಗಳ ಮೇಲೆ ಹರಡಿಕೊಂಡು ನೋಡಿದೆವು. ನಾನು ಸುದ್ದಿ ಓದಲಿಲ್ಲ. ಫೋಟೊಗಳನ್ನು ಮಾತ್ರ ನೋಡಿದೆ.

ಪದ ಬಿಡಬೇಡ. ಆದರೆ ಓದುವುದನ್ನು ನಿಲ್ಲಿಸಿ ಕೈಗಳನ್ನು ನೋಡು. ಶಾಲೆಯ ಹುಡುಗಿಯ ಭುಜದ ಮೇಲೆ ಮುಖ್ಯೋಪಾಧ್ಯಾಯರ ಕೈಯಿದೆ. ಅವಳು ಎಷ್ಟು ಸರಿದಿದ್ದಾಳೆಂದರೆ ಕುತ್ತಿಗೆ ಓರೆಯಾಗಿದೆ. ಮುಷ್ಕರ ಮುಗಿಸಿದ ಕಾರ್ಮಿಕನ ಅಂಗೈಯನ್ನು ಮಾಲೀಕ ಎರಡೂ ಕೈಯಲ್ಲಿ ಅಮುಕಿದ್ದಾನೆ, ಕಾರ್ಮಿಕನ ಬೆರಳುಗಳು ಮಡಿಚಿಲ್ಲ. ಸಿಕ್ಕಿದ ಯುವತಿಯ ಜಡೆ ಅವಳ ಅಪ್ಪನ ಮುಷ್ಟಿಯಲ್ಲಿದೆ. ಅವಳ ಬೆನ್ನ ಹಿಂದೆ ಯಾರಿಗೂ ಕಾಣದು ಅಂದುಕೊಂಡಿದ್ದಾನೆ, ಹಿಂದಿನ ಕನ್ನಡಿಯ ಬೀರುವಿನಲ್ಲಿ ಕಾಣುತ್ತದೆ. ಅಕ್ಕ ನೋಡುತ್ತ ನೋಡುತ್ತ "ಥೂ, ಮುಚ್ಚೇ ಮಾರಾಯ್ತಿ, ಊಟ ಸೇರಲ್ಲ" ಎಂದಳು. ಮುಚ್ಚಲಿಲ್ಲ. ಅವಳೂ ಎದ್ದು ಹೋಗಲಿಲ್ಲ.

ಸುಖವಾಗಿ ಮುಗಿದಿದ್ದರೆ ಯಾರೂ ಯಾರನ್ನೂ ಹಾಗೆ ಹಿಡಿದುಕೊಳ್ಳುವುದಿಲ್ಲ.

ನಿನ್ನ ಪ್ರಬಂಧದಲ್ಲಿ ನನ್ನದು ಬೇಡ. ಬೇರೆಯವರದ್ದೂ ಮುಖ ಬೇಡ, ಕೈ ಸಾಕು.

ಇನ್ನೊಂದು ವಿಷಯ. ಈ ಮನೆಯಲ್ಲಿರುವುದು ನಿನಗೆ ಕೆಲಸ ಸಿಗುವವರೆಗೆ ಎಂದುಕೊಂಡಿದ್ದೆ. ನಿನ್ನ ಸಂಶೋಧನೆಗೆ ಕಾಲೇಜೇ ಹಣ ಕೊಡುತ್ತಿದೆ, ಮನೆಯ ಹಂಗಿಲ್ಲ, ಅಷ್ಟು ಸಾಕು. ಮೊನ್ನೆ ಅಂಗಡಿಯಿಂದ ಬಂದಾಗ ಅವನು ಬಾಗಿಲಲ್ಲಿ ನಿಂತಿದ್ದ. ಇಷ್ಟು ವರ್ಷವಾಯಿತು, ಈಗಲೂ ನಿಲ್ಲುತ್ತಾನೆ. ನನ್ನ ಅಂಗೈ ಮೂಸಿ, "ಹಳೇ ಪೇಪರ್ ವಾಸನೆ" ಎಂದ. ಮೂಗು ನಿಜವಾಗಿಯೂ ಸುಳ್ಳು ಹೇಳುವುದಿಲ್ಲ. ನನಗೆ ನಗು ಬಂತು. ಆ ಮನೆಯಲ್ಲಿ ನಾನು ನಕ್ಕಿದ್ದು ಅವನಿಗೆ ಹೊಸದು, ಒಂದು ಹೆಜ್ಜೆ ಹಿಂದೆ ಸರಿದ.

ಈ ಕಾಗದ ನಿನಗೆ ಮುಟ್ಟುವಾಗ ನಾನು ಆ ಮನೆಯಲ್ಲಿರುವುದಿಲ್ಲ. ಯಾವ ಊರು ಎಂದು ಬರೆಯುವುದಿಲ್ಲ. ಕೇಳಲು ಬರುತ್ತಾರೆ, ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದೇ ನಿಜ. ಅಕ್ಕನ ಪರಿಚಯದವರ ಅಂಗಡಿಯಲ್ಲಿ ಕೆಲಸವಿದೆ. ನೀನು ಹಳೆಯ ವಿಳಾಸಕ್ಕೇ ಬರೆ, ಅಕ್ಕ ಕಳಿಸುತ್ತಾಳೆ. ನನ್ನ ಗುರುತಿನ ಚೀಟಿಗಳನ್ನೆಲ್ಲ ತೆಗೆದುಕೊಂಡಿದ್ದೇನೆ. ಗೋಡೆಯ ಫೋಟೊ ಅಲ್ಲೇ ಬಿಟ್ಟಿದ್ದೇನೆ, ಅದು ಅವನದು.

ಅಮ್ಮ

---

ನವೆಂಬರ್ 20

ಅಮ್ಮ,

ಹೋದ ಕಾಗದದಲ್ಲಿ ನೀನು ಅಪ್ಪನಿಗೆ "ಅವನು" ಎಂದು ಬರೆದಿದ್ದೆ. ನಡುವೆ ಎಲ್ಲೋ "ಅವರು" ನಿಂತುಹೋಗಿದೆ. ನಿನಗೆ ಗೊತ್ತಾಗಿತ್ತಾ?

ಬಂದಿದ್ದರು. ನನಗೆ ಇನ್ನೂ "ಅವನು" ಬರುತ್ತಿಲ್ಲ, ಅಭ್ಯಾಸ ಮಾಡುತ್ತಿದ್ದೇನೆ. ಹಾಸ್ಟೆಲಿನ ಗೇಟಿನಲ್ಲಿ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ವಾರ್ಡನ್‌ಗೆ ನಮಸ್ಕಾರ ಮಾಡಿ, "ಮನೆಯವರಿಗೆ ಸ್ವಲ್ಪ ಮನಸ್ಸಿನ ತೊಂದ್ರೆ ಮೇಡಂ, ಎಲ್ಲೋ ಹೊರಟುಹೋಗಿದಾರೆ" ಅಂದರು. ವಾರ್ಡನ್ ಕಣ್ಣಲ್ಲಿ ನೀರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಗದರಿದರು, "ಅಪ್ಪ ಹೀಗೆ ಒದ್ದಾಡ್ತಿದ್ರೆ ನೀನು ಕಲ್ಲಿನ ಥರ ನಿಂತಿದ್ದೀಯಲ್ಲ?"

ಆಮೇಲೆ ಅವರು ಹತ್ತಿರ ಬಂದರು. ಕೂದಲು ನೋಡಿ ಬೆಚ್ಚಿದರು. ನಾನು ಹಿಂದೆ ಸರಿಯುವಷ್ಟರಲ್ಲಿ ನೆತ್ತಿಗೆ ಮೂಗೊತ್ತಿ ಎಳೆದುಕೊಂಡರು. ತುಂಬ ಹೊತ್ತು. ವಾರ್ಡನ್ ಅದನ್ನು ನೋಡಿ ಕಣ್ಣೊರೆಸಿಕೊಂಡರು. ಅವರು ಬಿಟ್ಟು, ವಾರ್ಡನ್ ಕಡೆ ತಿರುಗಿ, "ಇಲ್ಲ. ಅವಳು ಇಲ್ಲಿಗೆ ಬಂದಿಲ್ಲ" ಅಂದರು, ಟೀ ಎಲೆಯ ದರ್ಜೆ ಹೇಳುವ ಹಾಗೆ. ಹಣ್ಣಿನ ಚೀಲ ಕೊಡದೇ ಹೋದರು. ನಾನು ನಲ್ಲಿಯ ಕೆಳಗೆ ತಲೆಯಿಟ್ಟು ನಿಂತೆ.

ಗೈಡ್ ಮತ್ತೆ ಕೇಳಿದರು, "ಆ ಹೆಂಗಸು ಏನಾದಳಮ್ಮ?" ಹುಡುಕಿದೆ ಸರ್, ಸಿಗಲಿಲ್ಲ ಅಂದೆ. ಸುಳ್ಳಲ್ಲವಲ್ಲ. ಪ್ರಬಂಧದಲ್ಲಿ ಈಗ ಕೈಗಳು ಮಾತ್ರ ಇವೆ. ಒಂದೊಂದನ್ನೂ ಪುಟದಿಂದ ಕತ್ತರಿಸಿ ಸಾಲಾಗಿ ಜೋಡಿಸಿದ್ದೇನೆ. ನೋಡಿದವರು ಯಾರೂ ಅದರ ಎದುರು ಹೆಚ್ಚು ಹೊತ್ತು ನಿಲ್ಲುತ್ತಿಲ್ಲ.

ಎಚ್ಚರವಾಗಿರು. ಇವತ್ತಿನ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ್ದಾರೆ. "ಕಾಣೆಯಾಗಿದ್ದಾರೆ. ಮಾನಸಿಕ ಅಸ್ವಸ್ಥೆ." ಅದೇ ಮಾತು, ಒಂದು ಅಕ್ಷರ ಬದಲಾಗಿಲ್ಲ. ವಯಸ್ಸು ಹಾಕಿಸಿಲ್ಲ, ಗೊತ್ತಿಲ್ಲವೇನೋ. ಫೋಟೊ ಗೋಡೆಯದ್ದೇ. ಅವರ ಹತ್ತಿರ ಬೇರೆ ಯಾವುದಿದೆ? ಈ ಸಲ ನನ್ನನ್ನೂ ಕತ್ತರಿಸಿದ್ದಾರೆ. ಕೈ ಮಾಮ ಮಾತ್ರ ಹಾಗೇ ಇದ್ದಾನೆ.

ವಾಚನಾಲಯಗಳಿಗೆ ಹೋಗಬೇಡ ಅಮ್ಮ.

ಪುಟ್ಟಿ

---

ಡಿಸೆಂಬರ್ 6

ಪುಟ್ಟಿಗೆ,

ನಿನ್ನ ಕಾಗದ ಅಕ್ಕನ ಕೈ ದಾಟಿ ಬರುವಷ್ಟರಲ್ಲಿ ನಾನು ವಾಚನಾಲಯಕ್ಕೆ ಹೋಗಿಯಾಗಿತ್ತು.

ನನ್ನ ಕೋಣೆಗೆ ಹತ್ತಿರದಲ್ಲೇ ಇದೆ. ಉದ್ದ ಮೇಜು, ಅದಕ್ಕೆ ಸರಪಳಿಯಿಂದ ಕಟ್ಟಿದ ಪೆನ್ನು. ಎದುರಿಗೆ ಒಬ್ಬ ಹುಡುಗ, ಪರೀಕ್ಷೆಗೆ ಓದುವವನಿರಬೇಕು, ನಮ್ಮ ಊರಿನ ಪೇಪರನ್ನು ಅಗಲವಾಗಿ ಹಿಡಿದುಕೊಂಡಿದ್ದ. ನನ್ನ ಕಡೆಗಿದ್ದ ಪುಟದಲ್ಲಿ ನಾನಿದ್ದೆ. ದೂರದಿಂದಲೇ ಗುರುತು ಹಿಡಿದೆ. ನನ್ನನ್ನಲ್ಲ, ಕೈಯನ್ನು.

ಎದ್ದು ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಕೂತಲ್ಲೇ ಕೇಳಿದೆ, "ಆಯ್ತೇನಪ್ಪ?"

ಅವನು ಪೇಪರ್ ಮಡಿಚಿ ಕೊಟ್ಟ. ನಾನು ಯಾವ ಪುಟ ನೋಡುತ್ತಿದ್ದೇನೆ ಎಂದು ಬಗ್ಗಿ ನೋಡಿದ. ಫೋಟೊ ನೋಡಿದ, ನನ್ನ ಮುಖವನ್ನೂ ನೋಡಿದ, ನೇರವಾಗಿ. "ಪಾಪ ಅಲ್ವಾ ಆಂಟಿ? ನಿಮ್ಮ ಮಗಳ ವಯಸ್ಸಿರಬಹುದು" ಎಂದ. ಕನ್ನಡಕ ಹಾಕಿಕೊಂಡು ನಾನೂ ನೋಡಿದೆ. ಹೌದು, ಮೂಗು ಗಲ್ಲ ಎಲ್ಲ ನಿನ್ನದೇ. ಹೆದರಬೇಡ, ನೀನು ಕೂದಲು ಕತ್ತರಿಸಿಕೊಂಡಿದ್ದೀಯ. "ಸಿಗ್ತಾರಂತೀರಾ?" ಎಂದು ಕೇಳಿದ. ಒಳ್ಳೆಯ ಹುಡುಗ. ಆ ಹಿರಿಯರೂ ಒಳ್ಳೆಯವರೇ ಇದ್ದರು.

ಪಕ್ಕದ ಕಾಲಮ್ಮಿನಲ್ಲಿದ್ದ ಕೆಲಸದ ಜಾಹೀರಾತುಗಳನ್ನೆಲ್ಲ ನಿಧಾನವಾಗಿ ಓದಿ, ಪೇಪರ್ ಅವನಿಗೇ ವಾಪಸ್ ಕೊಟ್ಟು, ಹೊರಗೆ ಬಂದೆ.

ಕೋಣೆಯ ಬಾಗಿಲಿನಲ್ಲಿ ಈಗಲೂ ಒಂದು ಕ್ಷಣ ಕಾಲು ತಾನಾಗಿ ನಿಲ್ಲುತ್ತದೆ, ಯಾರೋ ಮೂಸಲಿ ಎಂದು ಕಾದಂತೆ. ಅದೂ ನನಗೆ ಹೇಸಿಗೆಯೇ. ಆಮೇಲೆ ಒಳಗೆ ಹೋಗುತ್ತೇನೆ. ಕೈಯಿಂದ ಕೆಮ್ಮಿನ ಔಷಧಿ, ಮುಲಾಮು, ಯಾರ ಯಾರದೋ ಸಿಗರೇಟು, ಎಲ್ಲದರ ವಾಸನೆ ಬರುತ್ತಿರುತ್ತದೆ. ಹಸಿವಾಗಿದ್ದರೆ ಕೈ ತೊಳೆಯುತ್ತೇನೆ. ಇಲ್ಲದಿದ್ದರೆ ಇಲ್ಲ.

ಈ ಪುಟವನ್ನೂ ಒಂದು ದಿನ ನಿಮ್ಮ ಡೇಟಾಬೇಸಿಗೆ ತುಂಬುತ್ತಾರೆ, ತಡೆಯಲಾಗುವುದಿಲ್ಲ. ನೀನು ಮಾತ್ರ ಮುಂದಿನ ಪುಟಗಳಲ್ಲಿ ನನ್ನನ್ನು ಆ ಪದ ಹಾಕಿ ಹುಡುಕಬೇಡ. ಸರಿಯಾಗಿ ಬರೆದರೂ, ತಪ್ಪಾಗಿ ಬರೆದರೂ, ಸಿಗುವುದಿಲ್ಲ.

ನಿನ್ನ
ಅಮ್ಮ